ಬೈಯುವ ಗಿರಾಕಿ

ನಮ್ಮ ಮಾತಿನಲ್ಲಿ ಹೋಟೆಲು ಎಂದರೆ ತಿನ್ನುವ ಜಾಗ. ಮಲಗುವುದಕ್ಕೆ ಬೇಕಾದರೆ ಅದು ಲಾಡ್ಜು. ಮುಂಬಯಿಗೆ ಬಂದು ನಾಲ್ಕು ದಶಕ ಕಳೆದರೂ ನಮ್ಮ ಈ ವಿಂಗಡಣೆ ಬದಲಾಗಿಲ್ಲ. ಆದ್ದರಿಂದ 2017ರ ಜುಲೈ ತಿಂಗಳ ಒಂದು ಶನಿವಾರ, ಅಮೆರಿಕದ ಫ್ಲೋರಿಡಾದಲ್ಲಿರುವ ಒರ್ಲಾಂಡೊ ಪಟ್ಟಣದ ಮಗಳ ಮನೆಯಲ್ಲಿ ನಾವು ಮಧ್ಯಾಹ್ನದ ನಿದ್ದೆಗೆ ಸಿದ್ಧರಾಗುತ್ತಿದ್ದಾಗ, ಹನ್ನೊಂದು ವರ್ಷದ ಮೊಮ್ಮಗ ಮೆಟ್ಟಿಲಿಳಿದು ಓಡಿಬಂದು “ಅಜ್ಜೀ, ಅಜ್ಜಾ, ಅವರು ಹೋಟೆಲ್ ಕಟ್ಟುತ್ತಾರಂತೆ!” ಎಂದು ಕೂಗಿದಾಗ, ನಮ್ಮಲ್ಲೊಬ್ಬರು ಕೇಳಿದ ಮೊದಲ ಪ್ರಶ್ನೆ “ವೆಜಿಟೇರಿಯನ್ನೋ?” ಎಂಬುದಾಗಿತ್ತು.

ಇಲ್ಲಿ ನಾವು ಎಂದರೆ ಗಂಡ ಹೆಂಡಿರಿಬ್ಬರೂ ಎಂದು ತಿಳಿಯಬೇಕು. ಯಾವ ಮಾತನ್ನು ಯಾರು ಆಡಿದರೆಂದು ಬಿಡಿಸಿ ಬರೆದರೆ ಮನೆಯಲ್ಲಿ ಶಾಂತಿ ಉಳಿಯದು.

ಹುಡುಗ ಹಣೆಗೆ ಕೈಹಚ್ಚಿಕೊಂಡ. ಆಮೇಲೆ ನಮ್ಮ ಎದುರು ನೆಲದ ಮೇಲೆ ಕುಳಿತು ವಿವರಿಸತೊಡಗಿದ. ಒರ್ಲಾಂಡೊದ ಪಕ್ಕದಲ್ಲೇ ವಾಲ್ಟ್ ಡಿಸ್ನಿ ವರ್ಲ್ಡ್ ಇದೆಯಷ್ಟೆ. ಗೊರಾಯಿಯಲ್ಲಿ 1989ರಿಂದ 2022ರವರೆಗೆ ಇದ್ದ ಎಸ್ಸೆಲ್‌ವರ್ಲ್ಡನ್ನು ನೋಡಿದವರು ಅದನ್ನು ಮನಸ್ಸಿನಲ್ಲಿ ನೂರಾರು ಪಾಲು ಹಿಗ್ಗಿಸಿಕೊಳ್ಳಬೇಕು. ನಾಲ್ಕು ಬೃಹತ್ ಪಾರ್ಕುಗಳು, ಅವುಗಳ ಸುತ್ತ ಇಪ್ಪತ್ತಕ್ಕೂ ಮೀರಿದ ಹೋಟೆಲುಗಳು. ಈಗ ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ನಡೆಯುತ್ತಿದ್ದ ಅಭಿಮಾನಿಗಳ ಸಮ್ಮೇಳನದಲ್ಲಿ ಕಂಪೆನಿಯ ಮುಖ್ಯಸ್ಥರೊಬ್ಬರು ವೇದಿಕೆಯ ಮೇಲಿಂದ ಹೊಸ ಹೋಟೆಲೊಂದನ್ನು ಘೋಷಿಸಿದ್ದರು. ಅದು ಸ್ಟಾರ್ ವಾರ್ಸ್ ಸಿನಿಮಾದ ಹೋಟೆಲು. ಒಳಹೊಕ್ಕ ಮೇಲೆ ಅದು ಹೋಟೆಲಲ್ಲ, ಆಕಾಶದಲ್ಲಿ ಸಾಗುವ ಹಡಗು. ಕಿಟಕಿಯಲ್ಲಿ ಕಾಣುವುದು ನಕ್ಷತ್ರಗಳು. ಬಂದ ಅತಿಥಿ ಬರೀ ಅತಿಥಿಯಲ್ಲ, ಕಥೆಯೊಳಗಿನ ಒಂದು ಪಾತ್ರ.

“ಅಂದರೆ ಯಕ್ಷಗಾನ ನೋಡಲು ಹೋದವರಿಗೂ ವೇಷ ಕಟ್ಟುತ್ತಾರೆ ಅನ್ನು,” ಎಂದೆವು.

“ಕರೆಕ್ಟ್!” ಎಂದ. ಅಷ್ಟರ ಮಟ್ಟಿಗೆ ನಮಗೂ ಅರ್ಥವಾದಂತಾಯಿತು.

ಅಭಿಮಾನಿಗಳ ಸಮ್ಮೇಳನ ಎಂಬ ಮಾತು ಓದುಗರಿಗೆ ವಿಚಿತ್ರವೆನಿಸಬಹುದು. ಅಭಿಮಾನಿ ಎಂದೊಡನೆ ಡಾ. ರಾಜ್‌ಕುಮಾರ್ ಅವರ ಕಟೌಟಿಗೆ ಹಾರ ಹಾಕುವವರ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ನಟನಿಗೆ ಅಭಿಮಾನಿಗಳಿರುವುದು ಸರಿ, ಆದರೆ ಒಂದು ಪಾರ್ಕಿಗೆ, ಅದರ ರೈಲಿಗೆ, ಅದರ ಹೋಟೆಲಿಗೆ? ಇದ್ದಾರೆ. ಅವರಿಗೆಂದೇ ಕಂಪೆನಿ 2009ರಲ್ಲಿ ಡಿ23 ಎಂಬ ಸಂಘವನ್ನು ಹುಟ್ಟುಹಾಕಿತು. 23 ಎಂದರೆ 1923, ಡಿಸ್ನಿ ಸಂಸ್ಥೆ ಆರಂಭವಾದ ವರ್ಷ. ಸದಸ್ಯತ್ವ ಇದೆ, ವಂತಿಗೆ ಇದೆ, ಪತ್ರಿಕೆ ಇದೆ. ನಮ್ಮ ಸಂಘದ ಹಾಗೆಯೇ ಎಂದು ಹೇಳಬಹುದಿತ್ತು, ವಂತಿಗೆಯ ವಸೂಲಿ ಅಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ ಎಂಬುದೊಂದನ್ನು ಬಿಟ್ಟು.

ಅಂದು ಸಂಜೆಯೇ ಹುಡುಗ ಖಾಲಿ ಹಾರ್ಲಿಕ್ಸ್ ಬಾಟಲಿಯೊಂದನ್ನು ತೊಳೆದು, ಮುಚ್ಚಳಕ್ಕೆ ಸೀಳು ಮಾಡಿಸಿ, ಅದರಲ್ಲಿ ಐದು ಡಾಲರಿನ ನೋಟು ಹಾಕಿದ. ಹೋಟೆಲು ತೆರೆಯುವ ದಿನಕ್ಕೆ ತಾನು ಸಿದ್ಧನಾಗಿರಬೇಕಂತೆ. ನಾವು ಹೊರಡುವ ಹೊತ್ತಿಗೆ ಬಾಟಲಿಯ ಕಾಲುಭಾಗ ತುಂಬಿತ್ತು. ಅದರಲ್ಲಿ ನಮ್ಮ ಪಾಲೂ ಸ್ವಲ್ಪ ಇತ್ತು.

ಆ ಒಂದು ತಿಂಗಳಲ್ಲಿ ನಾವು ಕಂಡದ್ದೇನೆಂದರೆ, ಅಭಿಮಾನಿಗಳ ಕೆಲಸ ಬರೀ ಚಪ್ಪಾಳೆಯದಲ್ಲ. ಮೊದಲ ಎರಡು ದಿನ ಚಪ್ಪಾಳೆ. ಮೂರನೆಯ ದಿನದಿಂದ ತಕರಾರು. ಮೊಮ್ಮಗನೂ ಅವನ ಮೂವರು ಗೆಳೆಯರೂ ಗರಾಜಿನಲ್ಲಿ ಸೇರಿ ನಡೆಸಿದ ಚರ್ಚೆಯ ಮುಂದೆ ನಮ್ಮ ವಾರ್ಷಿಕ ಮಹಾಸಭೆ ಏನೂ ಅಲ್ಲ. ಒಬ್ಬ ಕನಸು ಕಾಣುವವನು, ಕಂಪೆನಿ ಕೊಟ್ಟ ಚಿತ್ರವನ್ನು ಗೋಡೆಗಂಟಿಸಿ ದಿನಕ್ಕೆ ಹತ್ತು ಸಲ ನೋಡುವವನು. ಒಬ್ಬ ಲೆಕ್ಕಾಚಾರದವನು, ಕೋಣೆ ಎಷ್ಟು, ಬಾಡಿಗೆ ಎಷ್ಟು, ಈಜುಕೊಳ ಉಂಟೋ ಇಲ್ಲವೋ ಎಂದು ಕೇಳುವವನು. ಇನ್ನೊಬ್ಬ ಶುದ್ಧ ಸಂಪ್ರದಾಯಸ್ಥ, ಹಳೆಯ ಮೂರು ಸಿನಿಮಾಗಳ ಪಾತ್ರಗಳಿಲ್ಲದೆ ಹೋಟೆಲು ಕಟ್ಟುವುದೇ ಅಪಚಾರ ಎನ್ನುವವನು. ನಮ್ಮವನು ಇತಿಹಾಸಕಾರ. ಪ್ರತಿಯೊಂದಕ್ಕೂ “ಹಿಂದೆ ಏನಾಗಿತ್ತು ಗೊತ್ತೇ?” ಎಂದೇ ಅವನ ಪ್ರಾರಂಭ.

ಅವನಿಂದ ನಾವು ಕಲಿತದ್ದು ಬಹಳ. 1955ರಲ್ಲಿ ವಾಲ್ಟ್ ಡಿಸ್ನಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಪಾರ್ಕನ್ನು ತೆರೆದಾಗ ಹೋಟೆಲು ಕಟ್ಟಲು ಅವರ ಕೈಯಲ್ಲಿ ಹಣ ಉಳಿದಿರಲಿಲ್ಲವಂತೆ. ಟೆಲಿವಿಷನ್ ನಿರ್ಮಾಪಕ ಜ್ಯಾಕ್ ರ‍್ಯಾದರ್ ಎಂಬವರು ಡಿಸ್ನಿಲ್ಯಾಂಡ್ ಹೋಟೆಲನ್ನು ಕಟ್ಟಿ ಅದೇ ವರ್ಷದ ಅಕ್ಟೋಬರಿನಲ್ಲಿ ತೆರೆದರು. ಹೆಸರು ಡಿಸ್ನಿಯದಾದರೂ ಅದು ಕಂಪೆನಿಯ ಕೈಸೇರಿದ್ದು 1988ರಲ್ಲಿ. ಫ್ಲೋರಿಡಾದ ಪಾರ್ಕು 1971ರ ಅಕ್ಟೋಬರ್ 1ರಂದು ತೆರೆದಾಗ ಹೋಟೆಲುಗಳೂ ಜೊತೆಯಲ್ಲೇ ಇದ್ದವು. ಅಲ್ಲೇ ಇನ್ನೂ ಮೂರು ಹೋಟೆಲುಗಳು ಏಷ್ಯನ್, ವೆನಿಷಿಯನ್, ಪರ್ಷಿಯನ್ ಎಂಬ ಹೆಸರಿನಲ್ಲಿ ಘೋಷಣೆಯಾಗಿ, ಚಿತ್ರಗಳೂ ಪ್ರಕಟವಾಗಿ, 1973ರ ತೈಲ ಬಿಕ್ಕಟ್ಟು ಬಂದು, ಎಂದೂ ಕಟ್ಟಲ್ಪಡಲಿಲ್ಲ. ಆ ಕಟ್ಟದ ಹೋಟೆಲುಗಳ ನಕ್ಷೆ ಕೂಡ ಹುಡುಗನಿಗೆ ಬಾಯಿಪಾಠ.

“ಇಲ್ಲದ ಹೋಟೆಲಿನ ಮೇಲೆ ನಿನಗೇಕಪ್ಪ ಅಷ್ಟು ಮಮತೆ?” ಎಂದು ಕೇಳಿದೆವು.

“ಅವರು ಹೇಳಿದ್ದರಲ್ಲ,” ಎಂದ.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಕಟ್ಟುತ್ತೇವೆ ಎಂದು ಹೇಳಿದವರು ಮರೆತರೂ ಕೇಳಿಸಿಕೊಂಡವರು ಮರೆಯುವುದಿಲ್ಲ. ಘೋಷಣೆಯಾದ ಕ್ಷಣಕ್ಕೇ ಆ ಹೋಟೆಲು ಕೇಳಿದವನ ಮನಸ್ಸಿನಲ್ಲಿ ಕಟ್ಟಿ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಇಟ್ಟಿಗೆಯ ಹೋಟೆಲು ಮನಸ್ಸಿನ ಹೋಟೆಲಿಗೆ ಸರಿಹೊಂದಬೇಕು. ಹೊಂದದಿದ್ದರೆ ಬೈಗುಳ.

ಈ ಬೈಗುಳದ ಶಾಸ್ತ್ರವನ್ನು ನಮಗೆ ಬಹಳ ಹಿಂದೆಯೇ ತಿಳಿಸಿಕೊಟ್ಟವರು ನಮ್ಮ ಬೀಗರು, ಅಂದರೆ ಈ ಹುಡುಗನ ಇನ್ನೊಬ್ಬ ಅಜ್ಜ. ಕುಂದಾಪುರದ ಕಡೆಯ ಹಳ್ಳಿಯಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಕೋಟೆಯ ಹೋಟೆಲೊಂದರಲ್ಲಿ ಕ್ಲೀನರ್ ಹುಡುಗನಾಗಿ, ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಿ, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೊನೆಗೆ ಘಾಟ್ಕೋಪರಿನಲ್ಲಿ ಸ್ವಂತದ್ದೊಂದು ಚಿಕ್ಕ ಹೋಟೆಲು ಹಾಕಿದವರು. ಅವರ ಮಟ್ಟಿಗೆ ಹೋಟೆಲಿನಲ್ಲಿ ತಂಗುವುದು ಎಂದರೆ ಬೆನ್ನಿನ ಕೆಳಗೆ ಮೇಜಿನ ಹಲಗೆ.

ಎಂಬತ್ತರ ದಶಕದ ನಡುವಿನಲ್ಲಿ ಬೀಗರು ಒಂದು ದಿನ ಗಲ್ಲಾದ ಮೇಲೆ ಬೋರ್ಡು ತೂಗುಹಾಕಿದರು: ಶೀಘ್ರದಲ್ಲಿಯೇ ಎ.ಸಿ. ಫ್ಯಾಮಿಲಿ ರೂಮ್. ಕನ್ನಡ, ಮರಾಠಿ, ಗುಜರಾತಿ, ಇಂಗ್ಲಿಷ್ ನಾಲ್ಕರಲ್ಲೂ ಬರೆಸಿದ್ದರು. ಸಂಜೆಯೊಳಗೆ ನಾಲ್ಕು ಭಾಷೆಗಳಲ್ಲೂ ಬೈಗುಳ ಬಂತು. ಕಾಫಿಯ ರೇಟು ಏರಿಸುವ ಹುನ್ನಾರ ಎಂದರು ಒಬ್ಬರು. ಮೂಲೆಯ ಮೇಜು ಹೋಗುತ್ತದೆಯೇ ಎಂದು ಗಾಬರಿಯಾದರು ಇನ್ನೊಬ್ಬರು. ಫ್ಯಾಮಿಲಿ ಇಲ್ಲದ ನಾವೆಲ್ಲಿ ಕೂರಬೇಕು ಎಂದು ಚಾಳಿನ ಬ್ರಹ್ಮಚಾರಿಗಳು ಜಗಳಕ್ಕೇ ನಿಂತರು. ಅಂದು ನಾವೂ ಅಲ್ಲಿದ್ದೆವು. ಆಗ ಬೀಗತನ ಇರಲಿಲ್ಲ, ಬರೀ ಗಿರಾಕಿತನ. ನಾವೂ ಒಂದು ಮಾತು ಸೇರಿಸಿದೆವು.

ಬೀಗರು ನಗುತ್ತಲೇ ಇದ್ದರು. ಹೀಗೆ ಬೈಸಿಕೊಂಡೂ ಹೇಗೆ ನಗುತ್ತೀರಿ ಎಂದು ಕೇಳಿದ್ದಕ್ಕೆ ಅವರು ಅಂದ ಮಾತು ಇದು: “ಬೈಯುವ ಗಿರಾಕಿ ನಾಳೆಯೂ ಬರುತ್ತಾನೆ ಮಾರಾಯ್ರೇ. ಬಿಲ್ಲು ನೋಡಿ, ಮಾತಾಡದೆ ದುಡ್ಡಿಟ್ಟು ಎದ್ದು ಹೋಗುತ್ತಾನಲ್ಲ, ಅವನದೇ ನನಗೆ ಹೆದರಿಕೆ.”

ಅಂಥ ಒಬ್ಬರು ಇದ್ದರಂತೆ. ನಿವೃತ್ತ ಮಾಸ್ತರರು. ದಿನವೂ ನಾಲ್ಕು ಗಂಟೆಗೆ ಬಂದು ಒಂದೇ ಇಡ್ಲಿ, ಅರ್ಧ ಕಾಫಿ. ಎ.ಸಿ. ರೂಮು ಆದ ಮೇಲೆ ಕಾಫಿಗೆ ನಾಲ್ಕಾಣೆ ಏರಿತು. ಮಾಸ್ತರರು ಬಿಲ್ಲನ್ನು ಕನ್ನಡಕ ಸರಿಸಿ ನೋಡಿದರು, ಚಿಲ್ಲರೆ ಎಣಿಸಿಟ್ಟರು, ಎಂದಿನಂತೆ ನಮಸ್ಕಾರ ಹೇಳಿದರು. ಮರುದಿನದಿಂದ ಬರಲಿಲ್ಲ. ಬೀಗರು 2015ರಲ್ಲಿ ತೀರಿಕೊಳ್ಳುವವರೆಗೂ ಅವರ ಸುದ್ದಿ ಎತ್ತುತ್ತಿದ್ದರು. “ಒಂದು ಮಾತು ಬೈದಿದ್ದರೆ ಹಳೇ ರೇಟಿಗೇ ಕೊಡುತ್ತಿದ್ದೆ,” ಎನ್ನುತ್ತಿದ್ದರು.

ಮೊಮ್ಮಗನ ಹೋಟೆಲಿನ ಕಥೆಗೆ ಮರಳೋಣ.

ನಾವು ಮುಂಬಯಿಗೆ ವಾಪಸಾದ ಮೇಲೆ ಪ್ರತಿ ಭಾನುವಾರದ ಫೋನಿನಲ್ಲಿ ಆ ಹೋಟೆಲಿನದೇ ವಾರ್ತೆ. ಕಟ್ಟಡ ಏಳತೊಡಗಿತು. ಹೊರಗಿನಿಂದ ನೋಡಿದರೆ ಗೋದಾಮಿನ ಹಾಗಿದೆ ಎಂದು ಒಂದು ವಾರ ಬೈದ. ಕೋಣೆಗಳು ನೂರೇ ಎಂದು ಒಂದು ವಾರ. ಕಿಟಕಿ ಎಂಬುದು ನಿಜವಾದ ಕಿಟಕಿಯಲ್ಲ, ನಕ್ಷತ್ರ ತೋರಿಸುವ ಪರದೆ. ಬೇಕಾದಷ್ಟು ದಿನ ಇರುವಂತಿಲ್ಲ, ಎಲ್ಲರೂ ಒಟ್ಟಿಗೆ ಬಂದು ಎರಡು ರಾತ್ರಿ ಕಳೆದು ಒಟ್ಟಿಗೆ ಇಳಿಯಬೇಕು. ಈಜುಕೊಳ ಇಲ್ಲವೇ ಇಲ್ಲ. ಒಂದೊಂದಕ್ಕೂ ಒಂದೊಂದು ವಾರದ ಬೈಗುಳ. ಆದರೆ ಬಾಟಲಿಗೆ ಡಾಲರು ಬೀಳುವುದು ಮಾತ್ರ ತಪ್ಪಲಿಲ್ಲ. ಅಕ್ಕಪಕ್ಕದವರ ಹುಲ್ಲು ಕತ್ತರಿಸಿ, ನಾಯಿ ತಿರುಗಾಡಿಸಿ, ಕೂಡಿಸುತ್ತಿದ್ದ. ನಮಗೆ ಬೀಗರ ಮಾತು ನೆನಪಾಗಿ ಸಮಾಧಾನವಾಗುತ್ತಿತ್ತು. ಬೈಯುತ್ತಿದ್ದಾನೆ, ಹೋಗುತ್ತಾನೆ.

2021ರ ಆಗಸ್ಟಿನಲ್ಲಿ ದರ ಪ್ರಕಟವಾಯಿತು. ಇಬ್ಬರಿಗೆ ಎರಡು ರಾತ್ರಿಗೆ 4,809 ಡಾಲರಿನಿಂದ ಆರಂಭ. ನಾಲ್ವರ ಕುಟುಂಬಕ್ಕೆ 5,999. ಊಟ ತಿಂಡಿ, ಒಂದು ದಿನದ ಪಾರ್ಕು ಪ್ರವೇಶ ಎಲ್ಲ ಸೇರಿ ಎಂದಿತ್ತು, ನಿಜ. ಆಗಿನ ಲೆಕ್ಕದಲ್ಲಿ ಇಬ್ಬರಿಗೆ ಸುಮಾರು 3.5 ಲಕ್ಷ ರೂಪಾಯಿ. ಅಭಿಮಾನಿ ವಲಯದಲ್ಲಿ ಅಂದು ಎದ್ದ ಗದ್ದಲ ಇಷ್ಟಿಷ್ಟಲ್ಲ. ಇದು ಹೋಟೆಲಲ್ಲ, ಎರಡು ದಿನ ನಡೆಯುವ ನಾಟಕ. ಹಾಗೆ ನೋಡಿದರೆ ದರ ನ್ಯಾಯವೇ ಎಂದು ವಾದಿಸಿದವರೂ ಇದ್ದರು. ನಮ್ಮಂಥವರಿಗಲ್ಲ ಇದು ಎಂದು ಬೈದವರು ಅದಕ್ಕಿಂತ ಹೆಚ್ಚು.

ಆ ಭಾನುವಾರ ನಾವು ಕಾದು ಕುಳಿತಿದ್ದೆವು, ಒಂದು ಗಂಟೆಯ ಬೈಗುಳ ಕೇಳಲು. ಹುಡುಗ ಫೋನಿಗೆ ಬಂದ. ನಮ್ಮ ಮಂಡಿನೋವಿನ ವಿಚಾರ ಕೇಳಿದ. ಮುಂಬಯಿಯ ಮಳೆ ಹೇಗಿದೆ ಎಂದು ಕೇಳಿದ. ಹೋಟೆಲಿನ ಸುದ್ದಿ ಎತ್ತಲೇ ಇಲ್ಲ. ನಾವೇ ತಡೆಯಲಾರದೆ, “ದರ ಬಂತಂತಲ್ಲ?” ಎಂದೆವು.

“ಬಂತು ಅಜ್ಜ,” ಎಂದ. ಅಷ್ಟೇ.

ಫೋನಿಟ್ಟ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಹುಡುಗನಿಗೆ ಆಗ ಹದಿನೈದು. ಅಪ್ಪ ಅಮ್ಮನ ಸಂಬಳ, ಮನೆಯ ಕಂತು, ಅಕ್ಕನ ಕಾಲೇಜಿನ ಖರ್ಚು ಎಲ್ಲ ಅವನಿಗೆ ತಿಳಿಯುವ ವಯಸ್ಸು. ಕೇಳಿದರೆ ಮನೆಯವರು ಹೇಗಾದರೂ ಹೊಂದಿಸುತ್ತಾರೆಂದು ಗೊತ್ತಿದ್ದೇ ಅವನು ಕೇಳಿರಲಿಲ್ಲ. ಘಾಟ್ಕೋಪರಿನ ಮಾಸ್ತರರು ಚಿಲ್ಲರೆ ಎಣಿಸಿಟ್ಟು ಎದ್ದು ಹೋದ ಹಾಗಿತ್ತು.

ಮುಂದಿನ ಭಾನುವಾರ ನಾವು ಒಂದು ಫಿಕ್ಸೆಡ್ ಡಿಪಾಸಿಟ್ ಮುಗಿಯುತ್ತಿದೆ ಎಂದು ಸುಳ್ಳೂ ಅಲ್ಲದ, ಪೂರ್ತಿ ನಿಜವೂ ಅಲ್ಲದ ಮಾತನ್ನಾಡಿ ನೋಡಿದೆವು. ಆತ ಕೂಡಲೇ ಅರ್ಥ ಮಾಡಿಕೊಂಡ. “ಬೇಡ ಅಜ್ಜೀ. ಅಷ್ಟು ಕೊಟ್ಟು ಹೋದರೆ ನಾನು ಎರಡು ದಿನವೂ ಲೆಕ್ಕವೇ ಹಾಕುತ್ತಿರುತ್ತೇನೆ. ಆಟ ಆಡುವುದಕ್ಕೆ ಆಗುವುದಿಲ್ಲ.”

ಹೋಟೆಲು 2022ರ ಮಾರ್ಚ್ 1ರಂದು ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾವು ಮತ್ತೆ ಒರ್ಲಾಂಡೊಗೆ ಹೋದೆವು. ಮಗಳು ನಮ್ಮನ್ನು ಸ್ಟಾರ್ ವಾರ್ಸ್ ಊರು ಕಟ್ಟಿರುವ ಪಾರ್ಕಿಗೆ ಕರೆದೊಯ್ದಳು. ಅಲ್ಲಿ ನೀಲಿ ಹಾಲು ಎಂಬುದೊಂದನ್ನು ಮಾರುತ್ತಾರೆ, ಸಿನಿಮಾದಲ್ಲಿ ನಾಯಕ ಕುಡಿಯುವ ಹಾಲಂತೆ. ಹಸುವಿನದಲ್ಲ, ತೆಂಗಿನ ಹಾಲು ಮತ್ತು ಅಕ್ಕಿಯ ಹಾಲು ಸೇರಿಸಿ, ಹೆಪ್ಪುಗಟ್ಟಿಸಿ, ಬಣ್ಣ ಹಾಕಿದ್ದು. ನಮ್ಮಲ್ಲೊಬ್ಬರು ಒಂದು ಗುಟುಕು ಕುಡಿದು, “ಇದು ನಮ್ಮ ಪಾಯಸವೇ. ಬೆಲ್ಲ ಮರೆತಿದ್ದಾರೆ, ಏಲಕ್ಕಿ ಇಲ್ಲ,” ಎಂದು ತೀರ್ಪು ಕೊಟ್ಟರು. ಹುಡುಗ ನಕ್ಕ. ಆ ಹೋಟೆಲಿನ ಅತಿಥಿಗಳನ್ನು ಕಿಟಕಿಯಿಲ್ಲದ ಗಾಡಿಯಲ್ಲಿ ಕೂರಿಸಿ ಇದೇ ಊರಿಗೆ ಕರೆತರುತ್ತಿದ್ದರು. ವೇಷ ತೊಟ್ಟ ನಾಲ್ಕೈದು ಮಂದಿ ನಮ್ಮ ಪಕ್ಕದಲ್ಲೇ ಹಾದುಹೋದರು. ಹುಡುಗ ಅವರನ್ನು ನೋಡಿದ, ಏನೂ ಹೇಳಲಿಲ್ಲ.

ಮರುದಿನ ತಾನೇ ನಮ್ಮಿಬ್ಬರನ್ನು ಒಂದು ಜಾಗಕ್ಕೆ ಕರೆದೊಯ್ಯುತ್ತೇನೆಂದ. ಮೋನೊರೈಲು ಹತ್ತಿಸಿದ. ಅದಕ್ಕೆ ಟಿಕೆಟ್ಟಿಲ್ಲ. ರೈಲು ಹೋಗಿ ಹೋಗಿ ನೇರವಾಗಿ ಒಂದು ಹೋಟೆಲಿನ ಹೊಟ್ಟೆಯೊಳಗೇ ನುಗ್ಗಿತು. ಅದು 1971ರ ಕಂಟೆಂಪೊರರಿ ಹೋಟೆಲು. ಇಂಗ್ಲಿಷಿನ ‘ಎ’ ಅಕ್ಷರದ ಹಾಗೆ ನಿಂತ ಉಕ್ಕಿನ ಚೌಕಟ್ಟು. ಕೋಣೆಗಳನ್ನು ಬೇರೆಡೆ ಪೂರ್ತಿಯಾಗಿ ತಯಾರಿಸಿ ತಂದು, ಕ್ರೇನಿನಿಂದ ಎತ್ತಿ, ಕಪಾಟಿಗೆ ಸೆಳೆಖಾನೆ ತಳ್ಳಿದಂತೆ ಒಳಗೆ ತಳ್ಳಿದ್ದಂತೆ. ಒಳಗಡೆ ತೊಂಬತ್ತು ಅಡಿ ಎತ್ತರದ ಬಣ್ಣದ ಹಂಚಿನ ಚಿತ್ರ. ಮೇರಿ ಬ್ಲೇರ್ ಎಂಬ ಕಲಾವಿದೆಯದು. ಬೆಟ್ಟ, ಮಕ್ಕಳು, ಹಕ್ಕಿ, ಮೇಕೆ.

“ಆ ಮೇಕೆಯ ಕಾಲು ಎಣಿಸಿ,” ಎಂದ ಹುಡುಗ.

ಎಣಿಸಿದೆವು. ಐದು! ಮತ್ತೆ ಎಣಿಸಿದರೂ ಐದೇ. ನಾವು ಬೆರಗಾದದ್ದನ್ನು ಕಂಡು ಅವನ ಮುಖ ಅರಳಿತು. ತನ್ನ ಮನೆಯ ದೇವರಕೋಣೆ ತೋರಿಸುವವನ ಹೆಮ್ಮೆ ಅದು. ಅಲ್ಲಿ ಒಂದು ರಾತ್ರಿಯೂ ಅವನು ಮಲಗಿದವನಲ್ಲ. ಆ ಕಟ್ಟಡದ ಒಂದು ಹಂಚೂ ಅವನದಲ್ಲ. ಆದರೂ ಅದು ಅವನದು. ಮೂರು ಕಾಫಿ ತಂದ. ನಾವು ಪರ್ಸು ತೆಗೆಯಹೋದರೆ ತಡೆದು, “ಹಾರ್ಲಿಕ್ಸ್ ಬಾಟಲಿಯ ದುಡ್ಡು,” ಎಂದ. ಕಾಫಿ ನೀರಾಗಿತ್ತು. ನಾವು ಬೈಯಲಿಲ್ಲ.

2023ರ ಮೇ ತಿಂಗಳಲ್ಲಿ ಆ ನಕ್ಷತ್ರದ ಹೋಟೆಲನ್ನು ಮುಚ್ಚುವುದಾಗಿ ಪ್ರಕಟಣೆ ಬಂತು. ಕೊನೆಯ ಯಾನ ಸೆಪ್ಟೆಂಬರ್ 30ರಂದು ಮುಗಿಯಿತು. ಘೋಷಣೆಯಿಂದ ತೆರೆಯುವವರೆಗೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು, ತೆರೆದದ್ದರಿಂದ ಮುಚ್ಚುವವರೆಗೆ ಹತ್ತೊಂಬತ್ತೇ ತಿಂಗಳು. ಹೋಗಿಬಂದವರಲ್ಲಿ ಅನೇಕರು ಅದನ್ನು ಮನಸಾರೆ ಮೆಚ್ಚಿದ್ದರು. ಅಲ್ಲಿಯ ನಟ ನಟಿಯರು ತಮ್ಮನ್ನು ಹೆಸರು ಹಿಡಿದು ಕರೆದು ಕಥೆಯೊಳಗೆ ಸೇರಿಸಿಕೊಂಡದ್ದನ್ನು ಈಗಲೂ ಹೇಳಿಕೊಳ್ಳುತ್ತಾರೆ. ನಮ್ಮ ಹುಡುಗ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಚೆನ್ನಾಗಿತ್ತಂತೆ ಅಜ್ಜ.” ಹೋಗಲಾಗದ ಮದುವೆಮನೆಯ ಊಟದ ಬಗ್ಗೆ ಹೇಳುವ ಹಾಗೆ.

ಅದಾದ ಮೇಲೆ ಪಾರ್ಕಿನ ಮಾತೇ ನಿಂತಿತು. ಕಾಲೇಜಿನ ಅರ್ಜಿ, ಕಾರು ಕಲಿಯುವುದು, ಇಂಥವೇ ಸುದ್ದಿಗಳು. ದೊಡ್ಡವನಾದ ಎಂದುಕೊಂಡೆವು. ಹಾಗೆಂದುಕೊಳ್ಳುವಾಗ ಏನೋ ಕಳಕೊಂಡಂತೆಯೂ ಅನ್ನಿಸುತ್ತಿತ್ತು.

ಹೀಗಿರುತ್ತ 2024ರಲ್ಲಿ ಒಂದು ರಾತ್ರಿ, ನಮ್ಮ ವಾಡಿಕೆಯ ಭಾನುವಾರವಲ್ಲದ ದಿನ, ಫೋನು ಹೊಡೆದುಕೊಂಡಿತು. ಹೊತ್ತಲ್ಲದ ಹೊತ್ತಿನ ಫೋನಿಗೆ ಊರುಬಿಟ್ಟವರ ಎದೆ ಹೇಗೆ ಡವಗುಟ್ಟುತ್ತದೆಂದು ಓದುಗರಿಗೆ ಗೊತ್ತು. ನಡುಗುವ ಕೈಯಲ್ಲಿ ಎತ್ತಿದರೆ, ಹುಡುಗ. ಪೀಠಿಕೆ ಇಲ್ಲದೆ ಶುರುಮಾಡಿದ. ಬೇ ಲೇಕ್ ಕೆರೆಯ ದಡದಲ್ಲಿ, 1976ರಲ್ಲಿ ತೆರೆದು 2001ರಲ್ಲಿ ಮುಚ್ಚಿದ ಹಳೆಯ ನೀರಾಟದ ಪಾರ್ಕಿನ ಜಾಗದಲ್ಲಿ, 2018ರಲ್ಲಿ ಒಂದು ಹೋಟೆಲು ಘೋಷಿಸಿದ್ದರಲ್ಲ. ಸಾಂಕ್ರಾಮಿಕದ 2020ರಲ್ಲಿ ಕೆಲಸ ನಿಂತಿತ್ತಲ್ಲ. ಈಗ ಅದನ್ನೇ ಹೆಸರು ಬದಲಿಸಿ ಲೇಕ್‌ಶೋರ್ ಲಾಡ್ಜ್ ಎಂದು ಮತ್ತೆ ಘೋಷಿಸಿದ್ದಾರೆ, 2027ಕ್ಕೆ ತೆರೆಯುತ್ತಾರಂತೆ. “ಇದೆಂಥ ಹೆಸರು ಅಜ್ಜಾ? ಯಾವ ಊರಿನಲ್ಲಿ ಬೇಕಾದರೂ ಇರಬಹುದಾದ ಹೆಸರು! ಚಿತ್ರ ನೋಡಿದಿರಾ? ಕಥೆ ಎಲ್ಲಿದೆ ಅದರಲ್ಲಿ?”

ಮೂವತ್ತೈದು ನಿಮಿಷ ಬೈದ. ಕಮಾನು ಸರಿಯಿಲ್ಲ, ಬಣ್ಣ ಸರಿಯಿಲ್ಲ, ಪಕ್ಕದ ಮರದ ಹೋಟೆಲಿನ ಅಂದವೆಲ್ಲ ಕೆಡುತ್ತದೆ. ನಾವು ಸ್ಪೀಕರು ಹಾಕಿ, ದೀಪ ಹಚ್ಚಿ, ಮಂಚದ ಮೇಲೆ ಅಕ್ಕಪಕ್ಕ ಕುಳಿತು ಕೇಳಿದೆವು. ನಮ್ಮಲ್ಲೊಬ್ಬರ ಕಣ್ಣು ಒದ್ದೆಯಾಗಿತ್ತು. ಯಾರದೆಂದು ಹೇಳುವುದಿಲ್ಲ ಎಂದು ಮೊದಲೇ ಒಪ್ಪಂದವಾಗಿದೆ.

ಕೊನೆಗೆ ಅವನು ಉಸಿರು ತೆಗೆದುಕೊಂಡಾಗ ನಾವು ಕೇಳಿದೆವು, “ಬಾಟಲಿ ಇದೆಯೇ?”

“ಇದೆ,” ಎಂದ. “ಇವತ್ತು ಐದು ಡಾಲರ್ ಹಾಕಿದೆ.”

“ಹೆಸರಾದರೂ ಸರಿಯಾಗಿ ಇಟ್ಟಿದ್ದಾರೆ ಬಿಡು,” ಎಂದೆವು. “ಮಲಗುವ ಜಾಗಕ್ಕೆ ಲಾಡ್ಜು ಎಂದೇ ಹೇಳಬೇಕು.” ಅದಕ್ಕೂ ಬೈಸಿಕೊಂಡೆವು.

ಇಷ್ಟನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ನಮ್ಮ ಸಂಘದ ಯಾವ ಹೊಸ ಯೋಜನೆ ಪ್ರಕಟವಾದರೂ ಈ ಪತ್ರಿಕೆಗೆ ಆಕ್ಷೇಪಣೆಯ ಪತ್ರಗಳು ಬರುತ್ತವೆ. ಸಭಾಗೃಹದ ಕುರ್ಚಿಯ ಬಣ್ಣ, ಯುಗಾದಿಯ ಊಟದ ಪಲ್ಯ, ನಾಟಕೋತ್ಸವದ ದಿನಾಂಕ ಒಂದನ್ನೂ ಬಿಡುವವರಲ್ಲ ನಮ್ಮ ಸದಸ್ಯರು. ಪದಾಧಿಕಾರಿಗಳು ಬೇಸರಪಟ್ಟುಕೊಳ್ಳುವುದನ್ನು ಕಂಡಿದ್ದೇವೆ. ಬೇಸರ ಬೇಡ. ವರ್ಷಗಟ್ಟಲೆ ಬರೆಯುತ್ತಿದ್ದು ಈಚೆಗೆ ಒಂದು ಸಾಲನ್ನೂ ಬರೆಯದ ಹಳೆಯ ಸದಸ್ಯರು ಯಾರಾದರೂ ಇದ್ದರೆ, ದಯವಿಟ್ಟು ಅವರ ಮನೆಗೊಮ್ಮೆ ಹೋಗಿ ಬನ್ನಿ.